ಬೆಳಗಿನ ಜಾವ ಕೆರೆಯನ್ನು ನೋಡುವವರು ಯಾರು?

ಹೋದ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಜಾವ 5 ಗಂಟೆಗೆ ನಮ್ಮೂರ ಕೆರೆ ಏರಿ ಮೇಲೆ ನಿಂತಿದ್ದೆ. ಕೋಲಾರದಿಂದ ಹೆಚ್ಚು ದೂರವಿಲ್ಲದ ಊರು ನಮ್ಮದು. ಕಟ್ಲಾ, ರೋಹು ಮೀನುಗಳೆಲ್ಲ ದಡದ ಹತ್ತಿರ ಗುಂಪುಗೂಡಿ, ಬಾಯಿ ಮೇಲೆತ್ತಿ ಗಾಳಿ ನುಂಗುತ್ತಿದ್ದವು. ನೀರಲ್ಲಿ ಕೈ ಅದ್ದಿದರೆ ಬೆರಳ ಸಂದಿಯಲ್ಲೆಲ್ಲ ಹಸಿರು ಲೋಳೆ. ಮೀನಿನ ಹರಾಜು ಹಿಡಿದಿದ್ದ ಹುಡುಗ ತನ್ನ ಮೀಟರ್ ಇಳಿಬಿಟ್ಟು ನೋಡಿದ. ನೀರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಕೂಡ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಅದೇ ಜಾಗದಲ್ಲಿ 12 ಇತ್ತು! "ಅಣ್ಣಾ, ಇನ್ನೆರಡು ದಿನ ಹಿಂಗೇ ಆದ್ರೆ ಎಲ್ಲಾ ತೇಲ್ತವೆ" ಅಂದ. ಮೂರನೇ ದಿನ ತೇಲಿದವು.

ಆಮೇಲೆ ನೀರು ಪರೀಕ್ಷೆ ಮಾಡುವವರು ಸ್ಯಾಂಪಲ್ ತೆಗೆಯಲು ಬಂದರು. ಬಂದಿದ್ದು ಬಿಸಿಲೇರಿದ ಮೇಲೆ, ಹನ್ನೊಂದೂವರೆಗೆ. ಆಮ್ಲಜನಕ ಸರಿಯಾಗಿದೆ ಅಂತ ವರದಿ ಬಂತು. ಅವರು ಸುಳ್ಳು ಬರೆದಿಲ್ಲ, ಆ ಹೊತ್ತಿಗೆ ಸರಿಯಾಗಿಯೇ ಇತ್ತು. ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೂ ಉಸಿರಾಡುತ್ತದೆ, ಇದ್ದದ್ದನ್ನೆಲ್ಲ ಖಾಲಿ ಮಾಡುತ್ತದೆ. ಕೆರೆಗೆ ಉಸಿರು ಕಟ್ಟುವುದು ಸೂರ್ಯ ಹುಟ್ಟುವ ಮುಂಚೆ. ಆ ಹೊತ್ತಲ್ಲಿ ಬಾಟಲಿ ಹಿಡಿದು ಯಾರು ಬರುತ್ತಾರೆ ಹೇಳಿ?

ಅದಕ್ಕೇ ನಮ್ಮ ಕೆರೆಗಳಿಗೆ ಸೆನ್ಸರ್ ಬೇಕು ಅಂತ ನಾನು ಎಲ್ಲರ ಹತ್ತಿರ ಹೇಳುತ್ತಿರುವುದು. ಅದು ರಾತ್ರಿಯಿಡೀ ನೀರಲ್ಲೇ ಇರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಆಮ್ಲಜನಕ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಲೆಕ್ಕ), ಬಿಸಿ ಅಳೆದು ಮೊಬೈಲಿಗೆ ಕಳಿಸುವಂತೆ ಮಾಡಬಹುದು. ಪಾಚಿಯ ಮೇಲೆ ಬೆಳಕು ಬಿಟ್ಟು, ಅದು ತಿರುಗಿ ಹೊಳೆಯುವುದನ್ನು ನೋಡಿ ಪಾಚಿ ಎಷ್ಟಿದೆ ಅಂತ ಅಂದಾಜು ಮಾಡುವ ಸೆನ್ಸರ್ ಕೂಡ ಇದೆ. ನೀಲಿ-ಹಸಿರು ಪಾಚಿಯನ್ನು ಬೇರೆಯಾಗಿಯೇ ಗುರುತಿಸುತ್ತದೆ. ಇದು ಮೀನಿಗಿಂತ ದೊಡ್ಡ ವಿಷಯ. ಆ ಜಾತಿಯ ಕೆಲವು ಪಾಚಿ ಲಿವರ್ ಕೆಡಿಸುವ ವಿಷ ಬಿಡುತ್ತವೆ, ನೀರು ಕುದಿಸಿದರೂ ಅದು ಹೋಗುವುದಿಲ್ಲ. ನಮ್ಮ ಹಸು, ಕುರಿ ಕುಡಿಯುವುದು ಇದೇ ನೀರನ್ನೇ ಅಲ್ವಾ?

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆಸಿ ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಒಣಗಿ ಬಿರುಕು ಬಿಟ್ಟಿದ್ದ ಕೆರೆಗಳು ತುಂಬಿದವು. ಆ ನೀರು ನಿಲ್ಲಿಸಿ ಅಂತ ಹೇಳುವವನು ನಾನಲ್ಲ, ನೀರಿಲ್ಲದ ವರ್ಷಗಳನ್ನು ಕಣ್ಣಾರೆ ಕಂಡವನು. ಆದರೆ ಎರಡನೇ ಹಂತದವರೆಗೆ ಶುದ್ಧ ಮಾಡಿದ ನೀರಲ್ಲಿ ಸಾರಜನಕ, ರಂಜಕ ಉಳಿದೇ ಇರುತ್ತವೆ. ನಾವು ಹೊಲಕ್ಕೆ ಹಾಕುವ ಗೊಬ್ಬರದಲ್ಲಿ ಇರುವುದೂ ಅವೇ. ಊರಿನ ಬಚ್ಚಲು ನೀರು, ಹೊಲದಿಂದ ಕೊಚ್ಚಿ ಬಂದ ಯೂರಿಯಾ ಅದರ ಜೊತೆ ಸೇರಿದರೆ ಪಾಚಿಗೆ ಹಬ್ಬ.

ಒಂದು ಮಾತು ಮಾತ್ರ ಮರೆಯಬೇಡಿ. ಸೆನ್ಸರ್ ತಂದು ನೀರಿಗೆ ಬಿಟ್ಟು, ಫೋಟೋ ಹೊಡೆಸಿಕೊಂಡು ಹೋದರೆ ಆಗುವುದಿಲ್ಲ. ಇಂಥ ಕೆರೆಯಲ್ಲಿ ಒಂದೆರಡು ವಾರಕ್ಕೇ ಅದರ ಮೂತಿಗೆ ಲೋಳೆ ಹತ್ತುತ್ತದೆ, ಆಮೇಲೆ ಸುಮ್ನೆ ತಪ್ಪು ಅಂಕಿ ಕಳಿಸುತ್ತಿರುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಒರೆಸಬೇಕು, ಸರಿಯಾಗಿ ಅಳೆಯುತ್ತಿದೆಯಾ ಅಂತ ಆಗಾಗ ಪರೀಕ್ಷೆ ಮಾಡಬೇಕು. ಈ ಕೆಲಸ ನಮ್ಮ ನೀರುಗಂಟಿಗೆ ಕೊಡಿ. ಯಾವ ಗದ್ದೆಗೆ ಎಷ್ಟು ನೀರು, ತೂಬು ಯಾವಾಗ ಎತ್ತಬೇಕು ಅಂತ ತಲೆಮಾರುಗಳಿಂದ ಕೆರೆ ನೋಡಿಕೊಂಡ ಮನೆತನಗಳು ಅವು. ಕಲಿಸಿ, ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ.

ದಿನಾ ಬೆಳಗಿನ 5 ಗಂಟೆಯ ಅಂಕಿಯನ್ನು ಪಂಚಾಯಿತಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ. ನೀಲಿ-ಹಸಿರು ಪಾಚಿ ಜಾಸ್ತಿಯಾದ ದಿನ ಅದನ್ನೂ ದೊಡ್ಡದಾಗಿ ಬರೆಸಿ. ಕುರಿ ಹೊಡೆದುಕೊಂಡು ಹೋಗುವವರು ಆ ದಾರಿಯಲ್ಲೇ ಹೋಗುವುದು. ನೋಡಿಕೊಂಡು, ಇವತ್ತು ಕೆರೆಗೆ ಇಳಿಸಬೇಕೋ, ಬೋರ್‌ವೆಲ್ ತೊಟ್ಟಿ ಹತ್ತಿರ ಕರೆದುಕೊಂಡು ಹೋಗಬೇಕೋ ಅಂತ ಅವರೇ ತೀರ್ಮಾನ ಮಾಡುತ್ತಾರೆ.