ಸ್ಪಷ್ಟನೆ: ‘ಪಿ15ಎಂ’ ಎಂದರೆ ಹದಿನೈದು ನಿಮಿಷವಲ್ಲ

ಬಿಪಿಎಂಎನ್ (ಕೆಲಸದ ಹಂತಗಳನ್ನು ಚಿತ್ರವಾಗಿ ಬರೆಯುವ ಪದ್ಧತಿ) ಮಾದರಿಗಳಲ್ಲಿ ಟೈಮರ್ ಅಳವಡಿಸುವವರ ನಡುವೆ ಒಂದು ಮಾತು ಹರಿದಾಡುತ್ತಿದೆ: ಕಾಯುವ ಅವಧಿಯನ್ನು ‘ಪಿ15ಎಂ’ ಎಂದು ಬರೆದರೆ ಹದಿನೈದು ನಿಮಿಷ, ನಡುವೆ ‘ಟಿ’ ಇದ್ದರೂ ಒಂದೇ, ಬಿಟ್ಟರೂ ಒಂದೇ ಎಂದು. ಇದು ಪೂರ್ತಿ ತಪ್ಪು. ದಯವಿಟ್ಟು ಯಾರಿಗೂ ಹಾಗೆ ಹೇಳಿಕೊಡಬೇಡಿ.

ಅವಧಿಯನ್ನು ಬರೆಯುವುದು ಐಎಸ್‌ಒ 8601 ಮಾನದಂಡದ ಪ್ರಕಾರ. ಅಲ್ಲಿ ‘ಟಿ’ಯ ಎಡಕ್ಕೆ ವರ್ಷ, ತಿಂಗಳು, ದಿನ, ಬಲಕ್ಕೆ ಗಂಟೆ, ನಿಮಿಷ, ಸೆಕೆಂಡು. ‘ಎಂ’ ಎರಡೂ ಕಡೆ ಬರುವುದರಿಂದಲೇ ಗೊಂದಲ. ‘ಪಿ15ಎಂ’ ಎಂದರೆ 15 ತಿಂಗಳು. ನಿಮಿಷ ಬೇಕಿದ್ದರೆ ‘ಪಿಟಿ15ಎಂ’ ಎಂದೇ ಬರೆಯಬೇಕು. ಸಾಲದ ಅರ್ಜಿಗೆ ಕಾಲು ಗಂಟೆಯಲ್ಲಿ ಉತ್ತರ ಬಾರದಿದ್ದರೆ ಮೇಲಧಿಕಾರಿಗೆ ಹೋಗಬೇಕು ಎಂದು ನೀವು ಅಂದುಕೊಂಡಿರುತ್ತೀರಿ. ಆದರೆ ‘ಟಿ’ ಬಿಟ್ಟಿದ್ದರೆ ಅರ್ಜಿ ಒಂದೂಕಾಲು ವರ್ಷ ಅಲ್ಲೇ ಕೂರುತ್ತದೆ. ಎರಡೂ ಬರಹಗಳು ವ್ಯಾಕರಣಬದ್ಧವಾದ್ದರಿಂದ ಎಂಜಿನ್ (ಮಾದರಿಯನ್ನು ಓಡಿಸುವ ತಂತ್ರಾಂಶ) ದೋಷವನ್ನೂ ತೋರಿಸುವುದಿಲ್ಲ. ನನಗೆ ಅತ್ಯಂತ ಅಪಾಯಕಾರಿ ಎನಿಸುವುದು ಈ ಮೌನವೇ. ಕಮುಂಡಾ 7 ಎಂಬ ಎಂಜಿನ್ ಬಳಸುವವರು ಒಂದು ಪ್ರಕ್ರಿಯೆಯನ್ನು ಓಡಿಸಿ, ಡೇಟಾಬೇಸ್‌ನ ಜಾಬ್ ಕೋಷ್ಟಕದಲ್ಲಿ ದಾಖಲಾದ ಗಡುವನ್ನು ಕಣ್ಣಾರೆ ನೋಡಿಬಿಡಿ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು, ಮಾದರಿ ತಿದ್ದಿ ಮತ್ತೆ ಡಿಪ್ಲಾಯ್ ಮಾಡಿದರೆ (ಎಂಜಿನ್‌ಗೆ ಏರಿಸಿದರೆ) ಸಿಕ್ಕಿಕೊಂಡ ಅರ್ಜಿಗಳೂ ಸರಿಹೋಗುತ್ತವೆ ಎಂಬುದು. ಸರಿಹೋಗುವುದಿಲ್ಲ. ಪ್ರಕ್ರಿಯೆ ಟೈಮರ್ ಇರುವ ಹಂತಕ್ಕೆ ಬಂದಾಗಲೇ ಗಡುವು ಲೆಕ್ಕವಾಗಿ ದಾಖಲಾಗಿರುತ್ತದೆ, ಹಳೆಯ ಅರ್ಜಿಗಳು ಹಳೆಯ ಆವೃತ್ತಿಯಲ್ಲೇ ಸಾಗುತ್ತವೆ. ಅವುಗಳ ಗಡುವನ್ನು ರೆಸ್ಟ್ ಎಪಿಐ (ಎಂಜಿನ್‌ಗೆ ಹೊರಗಿನಿಂದ ಆದೇಶ ಕಳಿಸುವ ಮಾರ್ಗ) ಮೂಲಕ ಪ್ರತ್ಯೇಕವಾಗಿ ಬದಲಿಸಬೇಕು.

ಅಂದಹಾಗೆ, ‘ಪಿ2ಡಿ’ಯ ಎರಡು ದಿನದಲ್ಲಿ ಭಾನುವಾರವೂ ಸೇರುತ್ತದೆ, ಕೆಲಸದ ದಿನಗಳನ್ನಷ್ಟೇ ಎಣಿಸಬೇಕಿದ್ದರೆ ದಿನಾಂಕವನ್ನು ನೀವೇ ಲೆಕ್ಕಹಾಕಿ ಟೈಮರ್‌ಗೆ ಕೊಡಬೇಕು.