ಪೀಠದತ್ತ ಹಾಳೆ ಹಾರಿದಾಗ

ಸದನದಲ್ಲಿ ಶಿಸ್ತು ಸತ್ತುಹೋಗಿದೆ ಎಂದು ಹಲುಬುವವರು 2025ರ ಮಾರ್ಚ್ 21ರ ವಿಧಾನಸಭೆಯನ್ನು ಇನ್ನೊಮ್ಮೆ ನೋಡಬೇಕು. ಹನಿಟ್ರ್ಯಾಪ್ ತನಿಖೆಯಾಗಲಿ ಎಂದು ಬಿಜೆಪಿ ಶಾಸಕರು ಬಾವಿಗಿಳಿದು ಕೂಗುತ್ತಿದ್ದರು. ಹರಿದ ಹಾಳೆಗಳು ಸಭಾಧ್ಯಕ್ಷ ಯು.ಟಿ. ಖಾದರ್ ಅವರ ಪೀಠದತ್ತ ಹಾರುತ್ತಿದ್ದವು. ಮಾರ್ಷಲ್‌ಗಳು ಪೀಠದ ಸುತ್ತ ಕೋಟೆ ಕಟ್ಟಿದ್ದರು. ಇಷ್ಟೆಲ್ಲದರ ನಡುವೆ ಶಾಸಕರ ತಿಂಗಳ ವೇತನ 40 ಸಾವಿರದಿಂದ 80 ಸಾವಿರಕ್ಕೆ ಏರಿತು, ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. ಚರ್ಚೆ? ಒಂದಕ್ಷರವೂ ಇಲ್ಲ.

ಆ ಕೋಲಾಹಲದಲ್ಲಿ ‘ಹೌದು’ ಎಂದವರೆಷ್ಟು, ‘ಇಲ್ಲ’ ಎಂದವರೆಷ್ಟು ಎಂದು ಗುರುತಿಸಿದ ಪೀಠದ ಕಿವಿಗೆ ದೊಡ್ಡ ನಮಸ್ಕಾರ. ಪೀಠದ ಸಂಬಳವೂ ಅದೇ ದಿನ 75 ಸಾವಿರದಿಂದ 1.25 ಲಕ್ಷಕ್ಕೆ ಹೋಯಿತು ಎಂಬುದು ಬೇರೆ ಮಾತು. ಕಿವಿ ಚುರುಕಾಗಿದ್ದಕ್ಕೂ ಅದಕ್ಕೂ ನಂಟು ಹಚ್ಚಿದರೆ ಹಕ್ಕುಚ್ಯುತಿಯಾದೀತು, ನಾನು ಹಚ್ಚುವುದಿಲ್ಲ.

ಆಮೇಲೆ ಶಿಸ್ತಿನ ಸರದಿ. 18 ಶಾಸಕರು ಆರು ತಿಂಗಳು ಅಮಾನತು. ಹೊರಗೆ ನಡೆಯಿರಿ ಎಂದರೆ ನಡೆಯುವುದುಂಟೆ? ಮಾರ್ಷಲ್‌ಗಳು ಕೈಗಿಬ್ಬರು ಕಾಲಿಗಿಬ್ಬರಂತೆ ಹಿಡಿದು ಎತ್ತಿದರು. ಅಡ್ಡಪಲ್ಲಕ್ಕಿಯ ಮರ್ಯಾದೆ ಈಗ ಯಾವ ಗುರುಗಳಿಗೆ ಸಿಗುತ್ತದೆಯೋ ಇಲ್ಲವೋ, ಜನಪ್ರತಿನಿಧಿಗಳಿಗಂತೂ ಸಿಗುತ್ತಿದೆ. ಹೊರುವವರ ಮುಖದಲ್ಲಿ ಬೆವರು, ಹೊರಿಸಿಕೊಳ್ಳುವವರ ಕಣ್ಣು ಕ್ಯಾಮೆರಾದ ಮೇಲೆ. ಆರು ತಿಂಗಳು ಸಭಾಂಗಣಕ್ಕೆ ಬರುವಂತಿಲ್ಲ, ಸಮಿತಿ ಸಭೆಗೆ ಹೋಗುವಂತಿಲ್ಲ, ದಿನಭತ್ಯೆ ಇಲ್ಲ, ಮೊಗಸಾಲೆಗೂ ಕಾಲಿಡುವಂತಿಲ್ಲ.

ಈ ಮೊಗಸಾಲೆಯ ವಿಷಯವನ್ನು ಸ್ವಲ್ಪ ಹೇಳಲೇಬೇಕು. ಆ ಅಧಿವೇಶನಕ್ಕೆ ಮುಂಚೆ ಸಭಾಧ್ಯಕ್ಷರಿಗೆ ಒಂದು ಚಿಂತೆ ಹತ್ತಿತ್ತು: ಮಧ್ಯಾಹ್ನದ ಊಟ ಮುಗಿಸಿದ ಶಾಸಕರು ಸದನಕ್ಕೆ ಮರಳುತ್ತಿಲ್ಲ. ನಿದ್ದೆಗೆಂದು ಹೋದವರು ಹೋದವರೇ. ಪರಿಹಾರವಾಗಿ ಮೊಗಸಾಲೆಯಲ್ಲಿ 15 ಆರಾಮಕುರ್ಚಿಗಳನ್ನು ಬಾಡಿಗೆಗೆ ತರಿಸುವ ಏರ್ಪಾಡಾಯಿತು. ಕಾಲು ಚಾಚಿ ಮಲಗಿ, ಒಂದು ಕೋಳಿನಿದ್ದೆ ತೆಗೆದು, ಎದ್ದು ಬಂದು ನಾಡಿನ ಕಷ್ಟ ಚರ್ಚಿಸಲಿ ಎಂದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಶಾಸಕರು 224 ಮಂದಿ ಇರುವಾಗ 15 ಕುರ್ಚಿ ಸಾಲುವುದು ಹೇಗೆ ಎಂಬ ಒಂದೇ ಚಿಂತೆ ನನ್ನದು. ಸರದಿ ಹೇಗೆ? ಹಿರಿತನದ ಮೇಲೋ, ಪಕ್ಷಗಳ ಬಲಾಬಲದ ಮೇಲೋ? ಸಚಿವ ಸ್ಥಾನ ತಪ್ಪಿದವರಿಗೆ ಇದಾದರೂ ಮೀಸಲೇ? ನಿಗಮ ಮಂಡಳಿ ಹಂಚಿದಂತೆ ಆಗಾಗ ಬದಲೇ? ಈಗ ಅಮಾನತಿನ ಆದೇಶವನ್ನು ಮತ್ತೆ ಓದಿ. ಮೊಗಸಾಲೆ ಇಲ್ಲವೆಂದರೆ ಆರಾಮಕುರ್ಚಿಯೂ ಇಲ್ಲ. ಶಿಕ್ಷೆ ಎಂದರೆ ಇದಪ್ಪಾ.

ಆ ಆರು ತಿಂಗಳು ಮೇ ತಿಂಗಳಿಗೇ ಮುಗಿದುಹೋಯಿತು. ಸಭೆ ಸೇರಿದರು, ಮಾತಾಡಿಕೊಂಡರು, ಅಮಾನತು ವಾಪಸಾಯಿತು. ಕ್ಯಾಲೆಂಡರಿಗೂ ಪೀಠದ ಮುಂದೆ ಎದುರಾಡುವ ಧೈರ್ಯವಿಲ್ಲ.

ದೆಹಲಿಯವರು ನಮಗಿಂತ ಒಂದು ಕೈ ಮೇಲು. 2023ರ ಡಿಸೆಂಬರ್‌ನಲ್ಲಿ ಲೋಕಸಭೆಯ ಪ್ರೇಕ್ಷಕರ ಗ್ಯಾಲರಿಯಿಂದ ಇಬ್ಬರು ಹಾರಿ ಹಳದಿ ಹೊಗೆ ಬಿಟ್ಟರಲ್ಲ, ಒಳಬರಲು ಪಾಸ್ ಸಿಕ್ಕಿದ್ದು ನಮ್ಮ ಮೈಸೂರಿನ ಆಗಿನ ಸಂಸದರ ಕಡೆಯಿಂದ. ಇದು ಹೇಗಾಯಿತು, ಗೃಹ ಸಚಿವರು ಉತ್ತರ ಹೇಳಲಿ ಎಂದು ಕೇಳಿದವರನ್ನು ಕಂತು ಕಂತಾಗಿ ಹೊರಹಾಕಲಾಯಿತು. ಎರಡೂ ಸದನ ಸೇರಿ 146 ಮಂದಿ. ಪಾಸ್ ಕೊಟ್ಟವರು ಒಳಗೆ, ಪ್ರಶ್ನೆ ಕೇಳಿದವರು ಹೊರಗೆ. ಮೊದಲ ಕಂತಿನಲ್ಲಿ ತಮಿಳುನಾಡಿನ ಡಿಎಂಕೆ ಸಂಸದ ಪಾರ್ತಿಬನ್ ಅವರ ಹೆಸರೂ ಇತ್ತು. ಗದ್ದಲ ಎಬ್ಬಿಸಿದ ಆರೋಪ. ಪಾಪ, ಅವರು ಅಂದು ಸದನಕ್ಕೇ ಬಂದಿರಲಿಲ್ಲ! ಗುರುತು ಹಿಡಿಯುವಲ್ಲಿ ತಪ್ಪಾಯಿತು ಎಂದು ಆಮೇಲೆ ಹೆಸರು ಕೈಬಿಟ್ಟರು. ಬರದವರನ್ನೂ ಹೊರಹಾಕಬಲ್ಲ ವ್ಯವಸ್ಥೆ ಜಗತ್ತಿನಲ್ಲಿ ಬೇರೆಲ್ಲಿದೆ ಹೇಳಿ. ಎದುರಿನ ಸಾಲುಗಳು ಹೆಚ್ಚುಕಡಿಮೆ ಖಾಲಿಯಾದ ಮೇಲೆ, 1860ರಿಂದ ನಡೆದುಬಂದ ದಂಡಸಂಹಿತೆಯ ಜಾಗಕ್ಕೆ ಹೊಸದು ಬಂತು. ಎಷ್ಟು ಶಾಂತಿ, ಎಷ್ಟು ಶಿಸ್ತು!

ಮಾತಿಗೂ ಶಿಸ್ತುಂಟು. ಅಸಂಸದೀಯ ಎಂದು ಪೀಠ ಹೇಳಿತೆಂದರೆ ಆ ಮಾತು ಕಡತದಿಂದ ಮಾಯ. ನೇರ ಪ್ರಸಾರದಲ್ಲಿ ನಾಡೆಲ್ಲ ಕೇಳಿ, ಸಂಜೆಯೊಳಗೆ ಮೊಬೈಲ್‌ಗಳಲ್ಲಿ ನೂರು ಸಲ ಓಡಿದ್ದರೂ ಸರಿ, ಕಡತದ ಪ್ರಕಾರ ಅದನ್ನು ಯಾರೂ ಆಡಿಯೇ ಇಲ್ಲ. 2022ರಲ್ಲಿ ಲೋಕಸಭಾ ಸಚಿವಾಲಯ ಇಂಥ ಪದಗಳ ಹೊಸ ಪಟ್ಟಿ ತಂದಾಗ ಅದರಲ್ಲಿ ಮೊಸಳೆ ಕಣ್ಣೀರೂ ಇತ್ತು, ಕತ್ತೆಯೂ ಇತ್ತು. ಕತ್ತೆ ಮಾಡಿದ ತಪ್ಪೇನೋ ತಿಳಿಯದು.

ಹಾಳೆ ತೂರಿದರೆ ಆರು ತಿಂಗಳು. ಸರಿ, ತೂರಬಾರದು. ಆದರೆ 2021ರ ಡಿಸೆಂಬರ್ 16ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಯಾರೂ ಹಾಳೆ ತೂರಿರಲಿಲ್ಲ. ಮಾತನಾಡಲು ಸಮಯ ಕೊಡಿ ಎಂದು ಎಲ್ಲರೂ ಮುಗಿಬಿದ್ದಿದ್ದರು. ಸದನವನ್ನು ಹತೋಟಿಗೆ ತರುವ ಗೋಜೇ ಬೇಡ, ಆಗುವುದನ್ನು ಅನುಭವಿಸುತ್ತ ಕೂರೋಣ ಎನಿಸುತ್ತಿದೆ ಎಂಬ ಅರ್ಥದಲ್ಲಿ ಸಭಾಧ್ಯಕ್ಷ ಕಾಗೇರಿ ನಗೆಯಾಡಿದರು. ಅದಕ್ಕೆ ಅದೇ ಪೀಠದಲ್ಲಿ ಎರಡು ಬಾರಿ ಕೂತಿದ್ದ ರಮೇಶ್ ಕುಮಾರ್ ಎದ್ದು ಅತ್ಯಾಚಾರದ ಹೋಲಿಕೆ ಕೊಟ್ಟರು. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿದೆ. ಪೀಠ ನಕ್ಕಿತು. ಸುತ್ತಲಿದ್ದ ಎರಡೂ ಪಕ್ಷಗಳ ಗಂಡಸರು ನಕ್ಕರು. ಗಂಟೆ ಬಾರಿಸಲಿಲ್ಲ, ಮಾರ್ಷಲ್‌ಗಳನ್ನು ಕರೆಯಲಿಲ್ಲ, ಪೀಠದ ಘನತೆಗೆ ಕುಂದು ಬಂತೆಂದು ಯಾರಿಗೂ ಆ ಕ್ಷಣ ಅನಿಸಲಿಲ್ಲ. ಒಬ್ಬರೂ ಒಂದು ದಿನಕ್ಕೂ ಅಮಾನತಾಗಲಿಲ್ಲ. ನನಗೆ ಇದರ ಬಗ್ಗೆ ತಮಾಷೆ ಮಾಡಲು ಬರುವುದಿಲ್ಲ, ಸಾಕಾಗಿದೆ.

ಮರುದಿನ ರಮೇಶ್ ಕುಮಾರ್ ಕ್ಷಮೆ ಕೇಳಿದರು. ಶಾಸಕಿಯರು ಈ ಬಗ್ಗೆ ಮಾತನಾಡಲು ಸ್ವಲ್ಪ ಸಮಯ ಕೊಡಿ ಎಂದರು. ಕ್ಷಮೆ ಕೇಳಿಯಾಗಿದೆ, ಇನ್ನು ಎಳೆಯುವುದು ಬೇಡ ಎಂದಿತು ಪೀಠ.