ಬಿದ್ದಳು, ಬಿದ್ದಳಂತೆ, ಬಿದ್ದಿರಬೇಕು

ಮನೆತನದ ಒಂದು ಹಳೆಯ ಗಾಯ, ಅದನ್ನು ಅರೆಬರೆ ನೆನಪಿಟ್ಟುಕೊಂಡ ಒಬ್ಬ ನಿರೂಪಕ. ಇಷ್ಟನ್ನು ಇಟ್ಟುಕೊಂಡು ಕಾದಂಬರಿಗೆ ಕೈಹಾಕುವವರು ಬಹಳ. ಅರ್ಧ ದಾರಿಯಲ್ಲಿ ಕುಸಿಯುವವೂ ಬಹಳ. ನಿರೂಪಕನಿಗೆ ಮರೆತಿದೆ, ಸರಿ. ಆದರೆ ನಿಜವಾಗಿ ನಡೆದದ್ದೇನು ಅಂತ ಬರೆಯುವವರಿಗೂ ಗೊತ್ತಿಲ್ಲದಿದ್ದರೆ ಆ ಮರೆವು ಬರೀ ಮಂಜು. ಓದುಗ ಎರಡು ಅಧ್ಯಾಯ ಸಹಿಸುತ್ತಾನೆ, ಮೂರನೆಯದರಲ್ಲಿ ಪುಸ್ತಕ ಮಗುಚಿಡುತ್ತಾನೆ.

ನೆನಪು ತಪ್ಪುವುದಕ್ಕೂ ಲೆಕ್ಕ ಬೇಕು ಅನ್ನುವುದು ನನ್ನ ವಾದ. ಆ ಲೆಕ್ಕ ಇಡುವ ಸಲಕರಣೆ ಕನ್ನಡದ ಕ್ರಿಯಾಪದದಲ್ಲೇ ಇದೆ, ನಾವು ಬಳಸುತ್ತಿಲ್ಲ ಅಷ್ಟೆ.

ಒಂದು ಉದಾಹರಣೆ ಕಟ್ಟೋಣ. ಮಲೆನಾಡಿನ ಒಂದು ಮನೆ, 1974. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಸಾವಿತ್ರತ್ತೆ ಬಾವಿಗೆ ಬಿದ್ದು ಸತ್ತಳು. "ಮಳೆಗಾಲ, ಪಾಚಿ ಕಟ್ಟಿತ್ತು, ನೀರು ಸೇದುವಾಗ ಕಾಲು ಜಾರಿತು." ಮನೆಯವರೆಲ್ಲ ಐವತ್ತು ವರ್ಷದಿಂದ ಹೇಳಿಕೊಂಡು ಬಂದದ್ದು ಇದೇ.

ಬರೆಯುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ. ಆ ಬೆಳಿಗ್ಗೆ ನಿಜವಾಗಿ ನಡೆದದ್ದು, ಗಂಟೆ ಸಮೇತ. ಆಗ ಯಾರು ಎಲ್ಲಿದ್ದರು, ವಯಸ್ಸೆಷ್ಟು. ಈಗ ಅವರು ಏನು ಹೇಳುತ್ತಾರೆ. ಯಾಕೆ ಹಾಗೆ ಹೇಳುತ್ತಾರೆ. ನಾಲ್ಕನೆಯದನ್ನು ತುಂಬಿಸಲಾಗದ ಪಾತ್ರಕ್ಕೆ ಕಾದಂಬರಿಯಲ್ಲಿ ಬಾಯಿ ಕೊಡಬೇಡಿ.

ವಯಸ್ಸಿನ ಕಾಲಂ ಬಲು ಮುಖ್ಯ. ಮೂರು ವರ್ಷದೊಳಗಿನ ಘಟನೆ ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಯಾರಿಗೂ ಉಳಿಯುವುದಿಲ್ಲ. ನಿಮ್ಮ ನಿರೂಪಕಿ ಆಗ ಎರಡು ವರ್ಷದವಳಾಗಿದ್ದು ಬಾವಿಕಟ್ಟೆಯ ಚಿತ್ರ ಕಣ್ಣಿಗೆ ಕಟ್ಟಿದಂತಿದೆ ಅಂದರೆ ಅದು ಯಾರೋ ಹೇಳಿ ಕೊಟ್ಟ ಚಿತ್ರ. ಹಾಗೆ ಬರೆಯಬಾರದು ಅಂತಲ್ಲ, ಕೊಟ್ಟವರು ಯಾರು ಅಂತ ನಿಮಗೆ ಗೊತ್ತಿರಬೇಕು. ಆರು ವರ್ಷದವಳಾದರೆ ತುಣುಕುಗಳು ಉಳಿದಿರುತ್ತವೆ. ಅಜ್ಜಿಗೆ ಆಲ್‌ಝೈಮರ್ಸ್ ಅಂತಿಟ್ಟುಕೊಂಡರೆ ಕ್ರಮ ತಲೆಕೆಳಗಾಗದಂತೆ ನೋಡಿಕೊಳ್ಳಿ. ಆ ಕಾಯಿಲೆಯಲ್ಲಿ ಮೊದಲು ಹೋಗುವುದು ಇತ್ತೀಚಿನದು, ಹಳೆಯದು ಬಹಳ ಕಾಲ ನಿಲ್ಲುತ್ತದೆ. ನಿನ್ನೆಯ ಸೀರಿಯಲ್ ಕತೆ ಹೇಳುವ ಅಜ್ಜಿಗೆ ಮಗಳ ಸಾವು ಮರೆತಿದೆ ಅಂದರೆ ಅದು ಕಾಯಿಲೆಯಲ್ಲ, ಲೇಖಕರ ಅನುಕೂಲ.

ಇನ್ನು ಕ್ರಿಯಾಪದ. "ಬಿದ್ದಳು" ಅಂದರೆ ಕಂಡವರ ಮಾತು. "ಬಿದ್ದಳಂತೆ" ಅಂದರೆ ಕೇಳಿದ್ದು. "ಬಿದ್ದಿರಬೇಕು" ಊಹೆ. "ಬಿದ್ದಿದ್ದಳು" ಅಂದರೆ ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಬಿದ್ದುಬಿಟ್ಟಳು" ಅನ್ನುವುದರಲ್ಲಿ ಕೈಮೀರಿದ್ದು, ಯಾರನ್ನೂ ದೂರುವಂತಿಲ್ಲ ಅನ್ನುವ ವಕಾಲತ್ತು ಸೇರಿಕೊಂಡಿದೆ. "ಮರೆತೆ" ಅಂದರೆ ಒಪ್ಪಿಗೆ, "ಮರೆತುಹೋಯಿತು" ಅಂದರೆ ಜಾರಿಕೆ. ಇಷ್ಟೆಲ್ಲ ಒಂದೊಂದು ಪ್ರತ್ಯಯದಲ್ಲಿ ಕೂತಿರುವಾಗ "ಮಸುಕು ಮಸುಕಾದ ನೆನಪಿನ ಪರದೆಯ ಹಿಂದೆ" ಅಂತ ಪ್ಯಾರಾಗಟ್ಟಲೆ ಬರೆಯುವುದೇಕೆ?

ಬಳಸುವ ರೀತಿ ಹೀಗೆ. ಮೊದಲ ಸಲ ನಿರೂಪಕಿ "ಬಿದ್ದಳಂತೆ" ಅನ್ನಲಿ. ಎಂಬತ್ತು ಪುಟ ಆದಮೇಲೆ, ಬೇರೆ ವಿಷಯ ಹೇಳುವ ನಡುವೆ, "ಅತ್ತೆ ಬಾವಿಗೆ ಬಿದ್ದಳಲ್ಲ, ಆ ವರ್ಷ" ಅನ್ನಲಿ. ಅಂತೆ ಉದುರಿತು. ಕೇಳಿದ್ದು ಕಂಡದ್ದಾಯಿತು. ಮನೆಗಳಲ್ಲಿ ಆಗುವುದೂ ಹೀಗೇ, ಸುಳ್ಳು ಹೇಳಬೇಕು ಅಂತ ಯಾರೂ ಕೂತು ಯೋಚಿಸುವುದಿಲ್ಲ. ಹತ್ತು ಸಲ ಕೇಳಿದ್ದಕ್ಕೆ ತಾನಾಗಿ ಬಣ್ಣ, ಬೆಳಕು, ಜಾಗ ಬರುತ್ತವೆ.

ಕ್ರಿಯಾಪದಕ್ಕೆ ಇಂಥ ಶಕ್ತಿ ಇದೆ ಅನ್ನುವುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಲಿಝಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಮಾಡಿದ ಪ್ರಯೋಗ ನೆನೆಯಬಹುದು. ಪ್ರಕಟವಾದದ್ದು ಅದೇ 1974ರಲ್ಲಿ. 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದೇ ಚಿತ್ರ ತೋರಿಸಿದರು. ಐವತ್ತು ಜನರಿಗೆ ಕಾರುಗಳು "ಅಪ್ಪಳಿಸಿದಾಗ" ಎಷ್ಟು ವೇಗ ಇತ್ತು ಅಂತ ಕೇಳಿದರು, ಇನ್ನೈವತ್ತು ಜನರಿಗೆ "ಡಿಕ್ಕಿ ಹೊಡೆದಾಗ" ಅಂತ, ಉಳಿದವರಿಗೆ ವೇಗದ ಸುದ್ದಿಯನ್ನೇ ಎತ್ತಲಿಲ್ಲ. ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಅಪ್ಪಳಿಸಿದ ಗುಂಪಿನಲ್ಲಿ 16 ಜನ ಹೌದು ಅಂದರು, ಡಿಕ್ಕಿಯ ಗುಂಪಿನಲ್ಲಿ 7, ಮೂರನೆಯದರಲ್ಲಿ 6. ಒಂದೇ ವಾರಕ್ಕೆ ಒಂದು ಪದ ಇಷ್ಟು ಮಾಡಿದರೆ, ಐವತ್ತು ವರ್ಷ ಊಟದ ಪಂಕ್ತಿಯಲ್ಲಿ "ಜಾರಿ ಬಿದ್ದಳು" ಅಂತ ಕೇಳಿಸಿಕೊಂಡ ಮಕ್ಕಳ ತಲೆಯಲ್ಲಿ ಪಾಚಿ ಬೆಳೆಯದೆ ಇರುತ್ತದೆಯೇ.

ನಮ್ಮ ಬಹುವಚನದ ಸೌಲಭ್ಯ ಇನ್ನೊಂದು. "ಹಿಂದಿನ ರಾತ್ರಿ ಕೋಣೆಗೆ ಚಿಲಕ ಹಾಕಿದ್ದರು." ಯಾರು? ದೊಡ್ಡಪ್ಪ ಒಬ್ಬರೇ ಆಗಿದ್ದರೂ ಹಾಕಿದ್ದರು, ಮನೆಯವರೆಲ್ಲ ಸೇರಿದ್ದರೂ ಹಾಕಿದ್ದರು. ಗೌರವವೇ ಗುರುತು ಮರೆಸುತ್ತದೆ. ಆರು ವರ್ಷದ ಹುಡುಗಿಯ ವಾಕ್ಯ ಹೀಗೇ ಇರುತ್ತದೆ, ಐವತ್ತಾರರಲ್ಲೂ ಅವಳು ಅದನ್ನು ಬಿಡಿಸಿ ಹೇಳದೆ ಇರಬಹುದು. ಇಂಗ್ಲಿಷಿಗೆ ಅನುವಾದಿಸುವವರು ಈ ವಾಕ್ಯದ ಮುಂದೆ ಒದ್ದಾಡುತ್ತಾರೆ, ಅಲ್ಲಿ ಒಬ್ಬನೋ ಹಲವರೋ ತೀರ್ಮಾನಿಸಲೇಬೇಕು. ಒದ್ದಾಡಲಿ ಬಿಡಿ.

ಎಷ್ಟು ಸಲ ಹೇಳಿಸಬೇಕು? 200 ಪುಟದ ಕಾದಂಬರಿಗೆ ಆ ಬೆಳಗಿನ ಕತೆ ನಾಲ್ಕು ಸಲ, ಹೆಚ್ಚೆಂದರೆ ಐದು. ಪ್ರತಿ ಸಲ ಬದಲಾಗುವ ವಿವರ ಎರಡೇ. ಎಲ್ಲವನ್ನೂ ಬದಲಿಸಿದರೆ ಓದುಗ ಯಾವುದನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದು ವಸ್ತು ಮಾತ್ರ ಕದಲಬಾರದು. ಇಲ್ಲಿ ಅದು ಹಗ್ಗ. ಹುಡುಗಿಗೆ ನೆನಪಿರುವುದು ಸುರುಳಿ ಸುತ್ತಿ ಮೊಳೆಗೆ ಸಿಕ್ಕಿಸಿದ್ದ ಬಾವಿಹಗ್ಗ. ನೀರು ಸೇದುತ್ತಿದ್ದವಳು ಜಾರಿದರೆ ಹಗ್ಗ ಗಡಗಡೆಯಲ್ಲಿ ಇರಬೇಕು, ಒದ್ದೆಯಾಗಿರಬೇಕು. ಇದನ್ನು ನಿರೂಪಕಿ ವಿವರಿಸಬಾರದು. ಹಗ್ಗ ಮೊಳೆಯಲ್ಲಿತ್ತು, ಅಷ್ಟೆ.

ಎದುರಿಗೆ ದೊಡ್ಡಪ್ಪನ ಮಗಳನ್ನು ನಿಲ್ಲಿಸಿ. "ಹಗ್ಗ ನೋಡಿದ್ದು ನಾನು ಮಾರಾಯ್ತಿ, ನೀನು ಅವತ್ತು ಅಜ್ಜನಮನೆಯಲ್ಲಿದ್ದೆ." ಇದು ಹೆಣೆದ ನಾಟಕವಲ್ಲ. ಒಂದೇ ನೆನಪನ್ನು ಅವಳಿಗಳಿಬ್ಬರೂ ತನ್ನದೇ ಅನ್ನುವುದನ್ನು ಸಂಶೋಧಕರು 2001ರಲ್ಲಿ ದಾಖಲಿಸಿದ್ದಾರೆ. ಒಟ್ಟಿಗೆ ಬೆಳೆದವರ ನೆನಪಿಗೂ ಹಿಸ್ಸೆಯ ಜಗಳ ಉಂಟು.

ಈಗ ತಿಥಿ. ಅತ್ತೆಯ ತಿಥಿ ಕಾರ್ತೀಕ ಬಹುಳ ಪಂಚಮಿ. ಆನಂದ ಸಂವತ್ಸರ, ಇಂಗ್ಲಿಷ್ ಲೆಕ್ಕಕ್ಕೆ 1974ರ ಡಿಸೆಂಬರ್ ಆಸುಪಾಸು. ನಮ್ಮ ಮನೆಗಳಲ್ಲಿ ಇಸವಿ ಕೇಳಿದರೆ ತಡವರಿಸುತ್ತಾರೆ, ತಿಥಿ ಮಾತ್ರ ತಪ್ಪುವುದಿಲ್ಲ, ಏಕೆಂದರೆ ಅದು ವರ್ಷ ವರ್ಷ ಎಲೆ ಹಾಕಿ ಮರುಕಳಿಸುವ ನೆನಪು. ಕಾರ್ತೀಕದ ಕೊನೆಗೆ ಮಲೆನಾಡಿನಲ್ಲಿ ಮಳೆಗಾಲ ಮುಗಿದು ಬಾವಿಕಟ್ಟೆಯ ಪಾಚಿ ಒಣಗತೊಡಗಿರುತ್ತದೆ. ಅಂದರೆ "ಮಳೆಗಾಲ, ಪಾಚಿ" ಅನ್ನುವ ಸುಳ್ಳನ್ನು ಪ್ರತಿ ವರ್ಷ ತಿಥಿಯೂಟವೇ ಬಯಲು ಮಾಡುತ್ತಿದೆ, ವಡೆ ಬಡಿಸುವವರಿಗೆ ಗೊತ್ತಾಗುತ್ತಿಲ್ಲ. ಹೊರಗಿನಿಂದ ಪತ್ತೆದಾರನನ್ನು ತರುವ ಅಗತ್ಯವೇ ಇಲ್ಲ.

ಇದಕ್ಕೆ ಬದಲು ಹೆಚ್ಚಿನವರು ಮಾಡುವುದು ಇದು: ಕೆಂಡಸಂಪಿಗೆಯ ವಾಸನೆ ಬಂತು, ನಲವತ್ತು ವರ್ಷ ಅದುಮಿಟ್ಟದ್ದೆಲ್ಲ ಸಿನಿಮಾ ಹಾಗೆ ಬಿಚ್ಚಿಕೊಂಡಿತು. ದಯವಿಟ್ಟು ಬೇಡ. ಆಘಾತ ಉಂಡವರ ಕಷ್ಟ ಸಾಮಾನ್ಯವಾಗಿ ತದ್ವಿರುದ್ಧ, ಮರೆಯಲಾಗದಿರುವುದು. ಬೇಡವಾದಾಗ ಬರುತ್ತದೆ, ಬಂದಾಗ ತುಣುಕು ತುಣುಕಾಗಿ ಬರುತ್ತದೆ. ಹೆದರಿಸಿದ ವಸ್ತು ಸ್ಪಷ್ಟ, ಸುತ್ತಲಿನದು ಮಾಯ. ಹೂತ ನೆನಪನ್ನು ಅಗೆದು ತೆಗೆಯುತ್ತೇವೆ ಅಂತ ಹೊರಟ ಚಿಕಿತ್ಸಕರು 1980–90ರ ದಶಕದ ಅಮೆರಿಕದಲ್ಲಿ ಎಷ್ಟೋ ಸಂಸಾರ ಒಡೆದರು, ಕೋರ್ಟುಗಳು ಆ ಸಾಕ್ಷ್ಯದ ಮುಂದೆ ಗೊಂದಲಕ್ಕೆ ಬಿದ್ದವು. ಆ ಚರಿತ್ರೆ ಗೊತ್ತಿದ್ದೂ ಸಂಪಿಗೆ ಮರ ನೆಡುವುದು ಸೋಮಾರಿತನ.

ಖಾತ್ರಿಯ ದನಿಯನ್ನೂ ಹಾಗೇ ನಂಬಿಸಬೇಡಿ. 1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಸ್ಫೋಟಗೊಂಡಿತು. ಸುದ್ದಿ ಹೇಗೆ ತಿಳಿಯಿತು ಅಂತ ಮಾರನೇ ದಿನವೇ ವಿದ್ಯಾರ್ಥಿಗಳಿಂದ ಬರೆಸಿಕೊಂಡ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್, ಎರಡೂವರೆ ವರ್ಷದ ನಂತರ 44 ಜನರನ್ನು ಮತ್ತೆ ಕೇಳಿದರು. 11 ಜನ ಪೂರಾ ತಪ್ಪು. ಅವರದೇ ಕೈಬರಹ ತೋರಿಸಿದರೂ ಕೆಲವರು ಈಗಿನ ನೆನಪನ್ನೇ ಹಿಡಿದು ಕೂತರು. ನಿಮ್ಮ ಕಾದಂಬರಿಯಲ್ಲಿ ಮೇಜು ಕುಟ್ಟಿ ಮಾತಾಡುವವರು ತಪ್ಪಾಗಿರಲಿ, ತಡವರಿಸುವವರು ಒಮ್ಮೊಮ್ಮೆ ಸರಿಯಾಗಿರಲಿ.

ಕಾರಣಕ್ಕೆ ಬರೋಣ. ಅತ್ತೆ ಸತ್ತ 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ, ಗೇಣಿಗೆ ಉಳುವವರಿಗೇ ಭೂಮಿ ಕೊಡಿಸುವ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕತೊಡಗಿದ್ದರು. ಗಂಡನ ಕಡೆಯಿಂದ ಅತ್ತೆಯ ಹೆಸರಿಗೆ ಬಂದ ಗದ್ದೆ ಗೇಣಿಯಲ್ಲಿತ್ತು ಅಂತ ಇಟ್ಟುಕೊಳ್ಳಿ. "ಗೇಣಿಗೆ ಕೊಟ್ಟೇ ಇಲ್ಲ" ಅಂತ ಸಹಿ ಹಾಕು ಅಂದವರು ಯಾರು, ಹಾಕುವುದಿಲ್ಲ ಅಂದದ್ದಕ್ಕೆ ಚಿಲಕ ಬಿತ್ತೇ? ನಾಲ್ಕನೇ ಕಾಲಂ ಇಲ್ಲಿಂದ ತುಂಬುತ್ತದೆ.

ಕೊನೆಗೆ ದಾಖಲೆ. ಪೆಟ್ಟಿಗೆಯ ತಳದಲ್ಲಿ ಪೊಲೀಸರ ಪಂಚನಾಮೆ ಸಿಕ್ಕಿತು, ನಿಜ ಬಯಲಾಯಿತು ಅಂತ ಮುಗಿಸುವವರಿದ್ದಾರೆ. ಪಂಚರು ಯಾರು? ಅದೇ ಊರಿನವರು, ದೊಡ್ಡಪ್ಪನ ಮುಂದೆ ಕೂರಲು ಹಿಂಜರಿಯುವವರು. ಅದರಲ್ಲೂ "ಆಯತಪ್ಪಿ ಕಾಲು ಜಾರಿ ಬಿದ್ದು" ಅಂತಲೇ ಇರುತ್ತದೆ. ಕಾಗದ ಕೂಡ ಮನೆಯವರ ಭಾಷೆ ಕಲಿತಿರುತ್ತದೆ. ಆದರೆ ಸ್ಥಳದಲ್ಲಿದ್ದ ವಸ್ತುಗಳ ಪಟ್ಟಿಯನ್ನು ಬೇರೆ ಯಾವ ಯೋಚನೆಯೂ ಇಲ್ಲದ ಒಬ್ಬ ಪೇದೆ ಬರೆದಿರುತ್ತಾನೆ: ತಾಮ್ರದ ಕೊಡ 1, ಖಾಲಿ. ಬಾವಿಹಗ್ಗ 1, ಒಣಗಿದ್ದು. ಈ ಸಾಲನ್ನು ಮುಕ್ತಾಯಕ್ಕೆ ಮೂವತ್ತು ಪುಟ ಮೊದಲೇ ಇಡಿ. ನಿರೂಪಕಿ ಅದನ್ನು ಓದಲಿ, ಕಾಗದ ಮಡಿಸಿ ವಾಪಸ್ ಇಡಲಿ, ಕಾರ್ತೀಕದ ಅಡುಗೆಗೆ ಎಷ್ಟು ಸೇರು ಉದ್ದು ನೆನೆಹಾಕಬೇಕು ಅಂತ ಒಳಗೆ ಹೋಗಿ ಕೇಳಲಿ.